ಮಂಡಕ್ಕಿ ಡಬ್ಬಿಯಲ್ಲಿ ಉಳಿದ ಗಿರಿಯಮ್ಮ

ಮೇಣ ಕರಗುವ ವಾಸನೆ ಬಂದರೆ ಕಲ್ಲಪ್ಪನಿಗೆ ಈಗಲೂ ದಾವಣಗೆರೆಯ ಆ ಲ್ಯಾಬೇ ನೆನಪಾಗುತ್ತದೆ. ರೋಗಿಗಳ ಮೈಯಿಂದ ತೆಗೆದ ಗಡ್ಡೆಯ ಚೂರನ್ನು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದ ಬ್ಲಾಕಿನೊಳಗೆ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದು ಅವನ ಕೆಲಸ. "ಉಪ್ಪಿನಕಾಯಿ ಇದ್ದಂಗೆ, ನೆನೆದಷ್ಟೂ ಚಲೋ" ಎಂದು ಉಳಿದವರು ಚೂರುಗಳನ್ನು ವಾರಗಟ್ಟಲೆ ಬಿಡುತ್ತಿದ್ದರು. ಕಲ್ಲಪ್ಪ ಮಾತ್ರ ಮರುದಿನವೇ ತೆಗೆಯುತ್ತಿದ್ದ.

ತೊಂಬತ್ತಾರರಲ್ಲಿ ಮಾಲೀಕನ ಅಪ್ಪಣೆಯಾಯಿತು: ಹಳೆಯ ಬ್ಲಾಕೆಲ್ಲ ಕರಗಿಸಿ, ಮೇಣ ಉಳಿಸಿ. ಮೆಟ್ಟಿಲಿಗೆ ಗ್ರಾನೈಟ್ ಹಾಸಿಸಿದವನಿಗೆ ಮೇಣಕ್ಕೆ ಬಡತನ! ಸತ್ತವರು ಕೇಳಲು ಬರುವುದಿಲ್ಲವಲ್ಲ. ಕಲ್ಲಪ್ಪ ಮಾಲೀಕನ ಕಣ್ಣು ತಪ್ಪಿಸಿ ಬ್ಲಾಕುಗಳನ್ನು ಮಂಡಕ್ಕಿ ಡಬ್ಬಿಗಳಿಗೆ ತುಂಬಿ, ಸೈಕಲ್ಲಿನ ಮೇಲೆ ಆವರಗೆರೆಯ ಮನೆಗೆ ಸಾಗಿಸಿದ.

ಹೆಂಡತಿ ದ್ರಾಕ್ಷಾಯಣಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. "ಲಿಂಗಪೂಜೆ ಮಾಡೋ ಮನ್ಯಾಗ ಮಾಂಸದ ಡಬ್ಬಿ? ತಲಿ ಕೆಟ್ಟೈತೇನ್ರಿ?"

"ಮಾಂಸ ಅಲ್ಲ ಕಣೆ, ಜನ."

"ಜನ ಆದ್ರೆ ಇನ್ನೂ ಬ್ಯಾಡ!"

ಡಬ್ಬಿಗಳು ಹಿತ್ತಲಿನ ಸೌದೆ ಕೋಣೆ ಸೇರಿದವು.

ಎರಡು ವರ್ಷದ ಮೇಲೆ ಹರಿಹರದಿಂದ ಅಂಬಿಕಾ ಎಂಬ ಹುಡುಗಿ ಲ್ಯಾಬಿಗೆ ಬಂದಳು. ತಾಯಿ ಗಿರಿಯಮ್ಮ, ಇಬ್ಬರು ಚಿಕ್ಕಮ್ಮಂದಿರು, ಮೂವರೂ ಸ್ತನ ಕ್ಯಾನ್ಸರಿಗೆ ಹೋಗಿದ್ದರು. ಮುಂದಿನ ಸರದಿ ತನ್ನದೇ? ವಂಶದಲ್ಲಿ ಇಳಿದು ಬರುವ ಜೀನ್ ದೋಷವನ್ನು ಬೆಂಗಳೂರಿನ ಸಂಶೋಧಕರು ಹುಡುಕಿಕೊಡುತ್ತಿದ್ದರು. ಆದರೆ ಅದು ತಾಯಿಯ ಜೀನಿನ ಯಾವ ಜಾಗದಲ್ಲಿತ್ತೆಂದು ಮೊದಲು ತಿಳಿಯಬೇಕು. ಇಲ್ಲದಿದ್ದರೆ ಮಗಳ ರಕ್ತದಲ್ಲಿ ಸಿಗಲಿಲ್ಲವೆಂಬ ಮಾತಿಗೆ ಬೆಲೆಯಿಲ್ಲ. ತಾಯಿಯ ಗಡ್ಡೆಯ ಚೂರು ಪರೀಕ್ಷೆಗೆ ಬಂದಿದ್ದು ಇದೇ ಲ್ಯಾಬಿಗೆ.

"ಹಳೇದೆಲ್ಲ ಕರಗಿಸೀವಿ, ಹೋಗವ್ವ" ಎಂದು ಮಾಲೀಕ ಅಟ್ಟಿದ. ಕಲ್ಲಪ್ಪ ಹಿಂದೆಯೇ ಓಡಿ ಅವಳನ್ನು ಮನೆಗೆ ಕರೆದುಕೊಂಡು ಹೋದ.

ದ್ರಾಕ್ಷಾಯಣಮ್ಮ ಹುಡುಗಿಯ ಮುಖ ನೋಡಿದಳು. ಹಿತ್ತಲಿಗೆ ಹೋಗಿ ತಾನೇ ಡಬ್ಬಿ ಹೊತ್ತು ತಂದು ಪಡಸಾಲೆಯಲ್ಲಿಟ್ಟಳು. "ಕೂಡ್ರವ್ವ. ನಿಮ್ಮವ್ವ ಇಲ್ಲೇ ಅದಾಳ."

ಬೆಂಗಳೂರಿನಲ್ಲಿ ಮೇಣ ಬಿಡಿಸಿ, ಜೀನಿನ ತುಣುಕುಗಳನ್ನು ಲಕ್ಷಾಂತರ ಪ್ರತಿ ಮಾಡಿ, ವಿದ್ಯುತ್ ಹಾಯಿಸಿ ಲೋಳೆಯಂಥ ಜೆಲ್‌ನಲ್ಲಿ ಓಡಿಸಿದರು. ದೋಷದ ತುಣುಕು ಸಾಲು ತಪ್ಪಿ ನಿಂತಿತು. ಗಡ್ಡೆಯಲ್ಲೂ, ಪಕ್ಕದ ಒಳ್ಳೆಯ ಮಾಂಸದಲ್ಲೂ ಅದೇ ತಪ್ಪು, ಅಂದರೆ ಹುಟ್ಟಿನಿಂದಲೇ ಬಂದದ್ದು. ಅಂಬಿಕಾಳ ರಕ್ತದಲ್ಲಿ ಅದೇ ಜಾಗ ತಡಕಿದರು. ತಪ್ಪು ಇರಲಿಲ್ಲ.

"ವಾರಗಟ್ಟಲೆ ನೆನೆದಿದ್ದರೆ ಜೀನು ಚೂರುಚೂರಾಗಿ ಏನೂ ಸಿಗುತ್ತಿರಲಿಲ್ಲ" ಎಂದು ಲ್ಯಾಬನ್ನು ಹೊಗಳಿ ಬೆಂಗಳೂರಿನಿಂದ ಪತ್ರ ಬಂತು. ಮಾಲೀಕ ಅದಕ್ಕೆ ಕಟ್ಟು ಹಾಕಿಸಿ, ಗಂಧದ ಹಾರ ಏರಿಸಿ, ಗೋಡೆಗೆ ತೂಗುಹಾಕಿದ. ನಾಚಿಕೆ ಅನ್ನುವುದು ಮೇಣಕ್ಕಿಂತ ಬೇಗ ಕರಗುತ್ತದೆ.

ಅಂಬಿಕಾ ಪೇಡಾ ಹಿಡಿದು ಆವರಗೆರೆಗೆ ಬಂದಳು. ಅವಳು ಹೋದ ಮೇಲೆ ದ್ರಾಕ್ಷಾಯಣಮ್ಮ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಒಳಗೆ ತಂದು ಒರೆಸಿದಳು.

"ಇವರ ಮಕ್ಕಳು ಯಾವಾಗ ಬರ್ತಾರ್ರಿ?"

ಯಾರೂ ಬರಲಿಲ್ಲ. ಬರಬಹುದೆಂದು ಅವರಿಗೆ ಹೇಳಿದವರಾದರೂ ಯಾರು? ಡಬ್ಬಿಗಳು ಇವತ್ತಿಗೂ ಪಡಸಾಲೆಯಲ್ಲೇ ಇವೆ.