ಹಿಂದಿನ ಗಾಲಿ ಮತ್ತು ಆಕೆಯ ಬೆರಳು

ಚೊಳಚಗುಡ್ಡದ ತೋಟಗಳಲ್ಲಿ ವೀಳ್ಯದೆಲೆ ಪೆಂಡಿ ಎತ್ತಿ, ಒದ್ದೆ ಗೋಣಿತಟ್ಟು ಹೊದಿಸಿ, ಅರ್ಧ ಹುನಗುಂದದಲ್ಲಿ ಇಳಿಸಿ, ಉಳಿದದ್ದನ್ನು ಇಳಕಲ್ಲಿಗೆ ಒಯ್ಯುವುದು ನಮ್ಮ ದಿನದ ಉದ್ಯೋಗ. ನಾನು ಪಿಕಪ್ ಓಡಿಸುತ್ತೇನೆ, ಪಕ್ಕದಲ್ಲಿ ಕೂತು ಬರುವ ಹೆಂಡತಿ ಮಾರುತ್ತಾಳೆ. ಗಾಡಿ ಹಳೆಯದು, ನಾನೇ ಚೌಕಾಸಿ ಮಾಡಿ ತಂದದ್ದು. ನನ್ನ ಕೂಡ ಚೌಕಾಸಿಗೆ ಕೂತು ಗೆದ್ದವರಿಲ್ಲ ಎಂಬ ಜಂಬ ನನಗಿತ್ತು.

ಒಂದು ಮುಂಜಾನೆ ಹುನಗುಂದದ ದಾರಿಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆದು ಜಾಲಿಕಂಟಿಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆಕೆ ಇಳಿದವಳೇ ಎಡಗಡೆ ಹಿಂದಿನ ಗಾಲಿಯ ಒಳಮೈಗೆ ಬೆರಳು ಹಚ್ಚಿ ನನ್ನ ಮುಂದೆ ಹಿಡಿದಳು. ಕರೀ ಎಣ್ಣೆ.

"ಹೋದ ತಿಂಗಳ ಸೀಲ್ ಹಾಕಿಸೇನಿ ಅಂದಿದ್ರಿ?"

"ಹಾಕಿಸೇನಿ. ಮತ್ತ ಸೋರಾಕತ್ತೈತಿ."

"ಹಂಗಾರ ಸೋರೂದು ನಿಲ್ಲೂತನಕ ನಾ ಬಸ್ಸಿಗೆ ಬರ್ತೇನಿ. ಎಲಿ ನೀವು ತರ್ರಿ."

ಅದು ಮೂರನೇ ಸೀಲು. ಆಕ್ಸಲಿನೊಳಗಿನ ಎಣ್ಣೆ ಗಾಲಿಯ ಕಡೆ ಬರದಂತೆ ತಡೆಯುವುದು ಈ ರಬ್ಬರ್ ಬಳೆಯೇ. ಅದು ಸೋತರೆ ಎಣ್ಣೆ ಬ್ರೇಕಿಗೆ ಇಳಿಯುತ್ತದೆ, ಆ ಗಾಲಿ ಹಿಡಿಯುವುದಿಲ್ಲ.

ಬಾದಾಮಿಯ ಮಿಸ್ತ್ರಿ ಗಾಡಿಯ ಕೆಳಗೆ ಮಲಗಿದವನು ಅಲ್ಲಿಂದಲೇ ಕೇಳಿದ, "ಸಾವ್ಕಾರ್ರ, ಇದಕ್ಕ ಬಣ್ಣ ಹೊಡದವ್ರು ಯಾರ್ರಿ?"

"ನಾನ. ವರ್ಷಾ ಖಂಡೆಪೂಜಿಗೆ ಹೊಡೀತೇನಿ."

ದಸರೆಯ ಆ ಪೂಜೆಗೆ ನಮ್ಮ ಕಡೆ ಗಾಡಿಯ ಮೈ ತೊಳೆದು, ಅಡಿಯೆಲ್ಲ ಕರೀ ಬಣ್ಣದಿಂದ ಮಿಂಚಿಸುವವರಿದ್ದಾರೆ. ಪೇಂಟರನ ಕೂಲಿ ಯಾಕೆಂದು ಬ್ರಷ್ ನಾನೇ ಹಿಡಿಯುತ್ತಿದ್ದೆ. ಬಣ್ಣದ ಮೇಲೆ ಬಣ್ಣ. ಆಕ್ಸಲಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಹೆಬ್ಬೆರಳಿನಷ್ಟು ಮುಚ್ಚಳವೊಂದಿರುತ್ತದೆ. ನನ್ನ ಭಕ್ತಿ ಅದನ್ನೂ ಬಿಟ್ಟಿರಲಿಲ್ಲ.

"ಮೂಗಿಗೇ ಬಣ್ಣ ಮೆತ್ತೀರಿ. ಉಸಿರು ಎಲ್ಲಿಂದ ಬಿಡಬೇಕ್ರಿ ಅದು? ಒಳಗಿನ ಗಾಳಿ ಸೀಲ್ ನೂಕಿ ಬಿಟ್ಟೈತಿ."

"ಪೂಜಾ ಮಾಡಿದ್ದು ತಪ್ಪಾತೇನು?"

"ಪೂಜಾ ತಪ್ಪಲ್ರಿ. ಮೂಗು ಮುಚ್ಚಿ ಮಾಡಿದ್ದು ತಪ್ಪು."

ಬಣ್ಣ ಕೆರೆದು ಹೊಸ ಸೀಲು ಕೂಡಿಸಿದ. ನಾಲ್ಕು ದಿನ ಒಣಗಿತ್ತು, ಐದನೆಯ ದಿನ ಮತ್ತೆ ಹಸಿ. ಬಿಚ್ಚಿ ನೋಡಿದರೆ ಸೀಲು ಉಜ್ಜುವ ಜಾಗದಲ್ಲಿ, ಗಾಲಿ ತಿರುಗಿಸುವ ಶಾಫ್ಟೇ ಗೆರೆಬಿದ್ದು ಸವೆದಿತ್ತು. ಈ ಮಾದರಿಗೆ ಹೊಸ ಶಾಫ್ಟ್ ಬರುವುದು ನಿಂತಿದೆ. ಬಾಗಲಕೋಟೆಗೆ ಹೋಗಿ ಗುಜರಿಯವನ ಎದುರು ಮಧ್ಯಾಹ್ನದತನಕ ಕೂತೆ. ಎರಡು ಸಲ ಎದ್ದು ಹೊರಟಂತೆ ಮಾಡಿದೆ, ಎರಡೂ ಸಲ ಆತ ಕರೆದ. ಗೆದ್ದುಕೊಂಡು ತಂದ ಶಾಫ್ಟಿನ ಮೇಲೆ ಮಿಸ್ತ್ರಿ ಉಗುರು ಆಡಿಸಿದ. "ಇದಕ್ಕೂ ಗೆರಿ ಐತ್ರಿ."

ನನ್ನ ಬಾಯಿ ಅಷ್ಟು ಹೊತ್ತು ಆಡಿತ್ತು, ಉಗುರು ಒಮ್ಮೆಯೂ ಆಡಿರಲಿಲ್ಲ. ಅದಕ್ಕೇ ಹೇಳುತ್ತೇನೆ: ಹಳೆ ಶಾಫ್ಟ್ ತಗೊಳ್ಳುವಾಗ ದರ ಕೇಳುವ ಮೊದಲು ಉಗುರು ಆಡಿಸಿರಿ. ಪೂಜೆಗೆ ಬಣ್ಣ ಹೊಡೆಯುವುದಾದರೆ ಆ ಮುಚ್ಚಳಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿರಿ, ಆಮೇಲೆ ಮರೆಯದೆ ಬಿಚ್ಚಿರಿ.

ಕೊನೆಗೆ ಮಿಸ್ತ್ರಿ ಮೊದಲಿನ ಶಾಫ್ಟನ್ನೇ ಇಟ್ಟು, ಸೀಲನ್ನು ಸವೆಯದ ಜಾಗಕ್ಕೆ ತಾಗುವಂತೆ ಒಂದು ನೂಲಿನಷ್ಟು ಒಳಗೆ ಸರಿಸಿ ಕೂಡಿಸಿದ.

"ಗ್ಯಾರಂಟಿ ಏನು?" ಎಂದೆ.

"ನನ್ನ ಕೇಳಬ್ಯಾಡ್ರಿ. ಗಾಲಿ ಕೇಳ್ರಿ."

ಹದಿನೈದು ದಿನ ಒಣಗಿದ್ದರೆ ಗಾಡಿ ಹತ್ತುತ್ತೇನೆ ಎಂದಳು ಹೆಂಡತಿ. ನಾನು ಎಳೆದಾಡಿ ಹತ್ತಕ್ಕೆ ಇಳಿಸಿದೆ. ದಿನಾ ಬೆಳಿಗ್ಗೆ ಆಕೆ ಬೆರಳು ಹಚ್ಚಿ ನೋಡುವಳು, ನಾನು ಉಸಿರು ಹಿಡಿದು ನಿಲ್ಲುವೆ. ಒಂಬತ್ತು ದಿನ ಒಣ ಬೆರಳು. ಹತ್ತನೆಯ ದಿನ ಇಬ್ಬರ ರೊಟ್ಟಿ ಗಂಟೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಂದಳು. ನನ್ನ ಜೀವ ಹಗುರಾಯಿತು.

ಬಗ್ಗಿದಳು. ಬೆರಳು ಮಿಂಚಿತು.

"ಏ, ಅದು ನೀರು. ಗೋಣಿತಟ್ಟಿಂದು ಹನಿ ಬಿದ್ದೈತಿ," ಎಂದೆ.

ಆಕೆ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಆಕ್ಸಲ್ ಎಣ್ಣೆಯ ಆ ಕಮಟು ನಾತಕ್ಕೆ ಯಾವ ಚೌಕಾಸಿಯೂ ನಡೆಯುವುದಿಲ್ಲ.

ನನ್ನ ಗಂಟು ಸೀಟಿನ ಮೇಲಿಟ್ಟಳು. "ಸಾವಕಾಶ ಬರ್ರಿ," ಎಂದು ಬಸ್ ನಿಲ್ದಾಣದ ಕಡೆ ನಡೆದಳು. ಎಲೆ ಬಾಡುತ್ತದೆ, ನಿಲ್ಲುವಂತಿಲ್ಲ. ಆ ಇಳಿಜಾರಿನಲ್ಲಿ ಆಕೆಯ ಬಸ್ಸು ಹಾರ್ನ್ ಹೊಡೆದು ನನ್ನನ್ನು ದಾಟಿ ಹೋಯಿತು. ನಾನು ಎರಡನೇ ಗೇರಿನಲ್ಲಿ, ಬ್ರೇಕಿಗೆ ಕಾಲು ತಾಗಿಸದೆ, ಅದರ ಹಿಂದೆ ಇಳಿಯುತ್ತಿದ್ದೆ.