ಕುರಿಹಟ್ಟಿಯಲ್ಲಿ ಕೋಡಿನ ಗಂಡು

ಅಕ್ಕನ ಮಗಳು ಇಳಕಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ರಜೆಗೆ ಬಾಗಲಕೋಟೆಯ ನಮ್ಮ ಮನೆಗೆ ಬರುವಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಡಬ್ಬಿಗಳೇ ಹೆಚ್ಚು. ಡಬ್ಬಿಗಳಲ್ಲಿ ಸೆಗಣಿ ಜೀರುಂಡೆಗಳು. ನಾನು ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾದ ಮೇಲೆ ಅವಳ ಕಾರು ಓಡಿಸುವ, ಬಕೆಟ್ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಆ ಬೇಸಿಗೆಯ ಕೊನೆಗೆ ಅವಳ ತಲೆಯಲ್ಲಿದ್ದದ್ದು ಒಂದೇ ಹುಳ. ಹುನಗುಂದ ದಾಟಿ ಮರೋಳದ ಕಡೆ ಹೋಗುವಾಗ ಸಿಗುವ ಎರೆಹೊಲವೊಂದರಲ್ಲಿ, ಕುರಿ ಹಿಕ್ಕೆಯ ನಡುವೆ ಕಂಡದ್ದು. ತೊಗರಿಕಾಳಿನಷ್ಟು ಗಾತ್ರ, ಕಪ್ಪು ಮೈ, ರೆಕ್ಕೆಯ ಮೇಲೆ ಮಾಸಿದ ಹಳದಿ ಚುಕ್ಕೆ. ನಮ್ಮ ಭಾಗದಲ್ಲಿ ಎಲ್ಲೆಡೆ ಸಿಗುವ ಇನ್ನೊಂದು ಜಾತಿಯೂ ಹೀಗೇ ಇರುತ್ತದೆ. ಆದರೆ ತಲೆಯ ಹಿಂದಿನ ಕವಚದಲ್ಲಿರುವ ಸೂಜಿಮೊನೆ ಚುಚ್ಚಿದಂಥ ಕುಳಿಗಳು ಇದರಲ್ಲಿ ಬೇರೆ ರೀತಿ ಹರಡಿವೆ ಎಂದು ಅವಳ ವಾದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಾನೂ ನೋಡಿದೆ. ಬೇರೆ ಎಂದು ಅವಳು ಹೇಳಿದ ಮೇಲೆ ನನಗೂ ಬೇರೆಯಾಗಿಯೇ ಕಂಡಿತು. ಹಾಗಾಗಿ ನನ್ನ ಸಾಕ್ಷ್ಯ ಲೆಕ್ಕಕ್ಕಿಲ್ಲ.

ಹಿಂದೊಮ್ಮೆ ಅವಳು ಒಂದು ಜೀರುಂಡೆಯನ್ನು ಹೊಸ ಜಾತಿಯೆಂದು ವಿವರಿಸಿ ಬರೆದು ಕಳಿಸಿದ್ದಳು. ಪರಿಶೀಲಿಸಿದ ಹಿರಿಯರು ಎರಡು ಸಾಲಿನ ಉತ್ತರದೊಡನೆ ಹಿಂತಿರುಗಿಸಿದ್ದರು. ಈ ಗುಂಪಿನ ಜೀರುಂಡೆಗಳಲ್ಲಿ ಒಂದು ತೊಡಕಿದೆ. ಮರಿಹುಳವಾಗಿದ್ದಾಗ ಹೊಟ್ಟೆತುಂಬ ಉಂಡ ಗಂಡು ದಪ್ಪಗೆ ಬೆಳೆದು ತಲೆಯ ಮೇಲೆ ಕೋಡು ಮೂಡಿಸಿಕೊಳ್ಳುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಗಂಡಿಗೆ ಕೋಡೇ ಬರುವುದಿಲ್ಲ. ಜಾತಿ ಒಂದೇ, ರೂಪ ಎರಡು. ಅವಳು ಹೊಸತೆಂದು ವಿವರಿಸಿದ್ದು ಹಳೆಯ ಜಾತಿಯೊಂದರ ಅರೆಹೊಟ್ಟೆ ಗಂಡಾಗಿತ್ತು.

ಈ ಸಲ ಸಿಕ್ಕಿದ ಗಂಡುಗಳಿಗೂ ಕೋಡಿರಲಿಲ್ಲ. ಕೋಡಿನ ಗಂಡು ಸಿಗುವತನಕ ಒಂದು ಅಕ್ಷರವನ್ನೂ ಬರೆಯುವುದಿಲ್ಲ ಎಂದು ಅವಳು ನಿರ್ಧರಿಸಿದ್ದಳು.

“ಇನ್ನೊಮ್ಮಿ ಹಂಗ ಆತಂದ್ರ ನನ್ನ ಮಾತು ಯಾರೂ ನಂಬೂದಿಲ್ಲ, ಮಾಮಾ.”

ವರದಿಗಳಲ್ಲಿ ‘ಇದೇ ಮೊದಲ ಬಾರಿಗೆ’ ಎಂಬ ಮಾತು ಕಂಡಾಗಲೆಲ್ಲ ಹೊಡೆದು ಹಾಕುತ್ತ ಬಂದವನು ನಾನು. ಅವಳ ಹಟ ನನಗೆ ಸರಿಯೆನಿಸಿತು.

ಹುಡುಕುವ ವಿಧಾನ ಸರಳ. ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ರಾತ್ರಿಯಿಡೀ ಹಿಂಡು ಮಲಗಿದ ಜಾಗದಲ್ಲಿ, ಅಂದರೆ ಹಟ್ಟಿಯಲ್ಲಿ, ಹಿಕ್ಕೆ ದಟ್ಟವಾಗಿ ಬಿದ್ದಿರುತ್ತದೆ. ಅದನ್ನು ಬಾಚಿ ಬಕೆಟ್ ನೀರಿಗೆ ಹಾಕಿದರೆ ಜೀರುಂಡೆಗಳು ಮೇಲೆ ತೇಲುತ್ತವೆ. ಅವಳು ಹೊಲದಲ್ಲಿ ಮಂಡಿಯೂರಿ ಬಕೆಟ್ಟಿಗೆ ಕೈ ಹಾಕಿದ ಮೊದಲ ದಿನ ಕುರುಬರ ಗಂಡಹೆಂಡತಿ ಕೆಲಸ ಬಿಟ್ಟು ಬಂದು ನಿಂತರು.

“ಬಂಗಾರ ಗಿಂಗಾರ ಬಿದ್ದೈತೇನ್ರಿ ಸಾಹೇಬ್ರ?” ಎಂದು ಗಂಡ ನನ್ನನ್ನು ಕೇಳಿದ.

“ಗಂಡು ಹುಳ ಬೇಕ್ರಿ ಕಾಕಾ. ತಲಿಮ್ಯಾಲೆ ಕೋಡಿರಬೇಕು,” ಎಂದಳು ಇವಳು.

ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅಯ್ಯ ತಂಗಿ, ಕೋಡಿಲ್ಲದ ಗಂಡನ್ನ ಸಂಭಾಳಿಸೂದ್ರಾಗ ನಂಗ ಸಾಕಾಗೇತಿ. ನೀ ಕೋಡಿದ್ದಂವನ್ನ ಹುಡುಕಾಕ ಬಂದೀಯಲ್ಲ!”

“ಲೇ, ನನಗ ಅಂತೀಯೇನ?”

“ನಿನಗೆಲ್ಲಿ ಕೋಡದಾವ? ಸುಮ್ನ ಹೋಗಿ ಕುರಿ ಹೊಡಿ.”

ಆ ದಿನ ಕೋಡಿನ ಗಂಡು ತೇಲಲಿಲ್ಲ. ಮುಂದಿನ ಭೇಟಿಗಳಲ್ಲೂ ಇಲ್ಲ. ನೆಲವನ್ನು ಅಲ್ಲಲ್ಲಿ ಅಗೆದೂ ನೋಡಿದೆವು. ಬರೀ ಮಣ್ಣು. ಹೋಲಿಕೆಗೆಂದು ತುಳಸಿಗೇರಿಯ ದನಗಳ ಸೆಗಣಿಯಲ್ಲಿ, ಕೂಡಲಸಂಗಮದ ಹೊಳೆದಂಡೆಯಲ್ಲಿ, ಎಲ್ಲೆಡೆ ಸಿಗುವ ಆ ಹಳೆಯ ಜಾತಿಯ ಕೋಡಿನ ಗಂಡುಗಳು ಬೇಕಾದಷ್ಟು ಸಿಕ್ಕವು. ಬೇಕಾದದ್ದು ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ಒಂದು ಮಳೆಯಾಯಿತು. ಎರೆಮಣ್ಣು ಹಸಿಯಾದರೆ ಕುರಿಗಳ ಗೊರಸಿಗೆ ತೊಂದರೆ; ಹಿಂಡು ಬಾದಾಮಿ ಕಡೆಯ ಕಲ್ಲುನೆಲಕ್ಕೆ ಹೊರಡುತ್ತದೆ. ಹೊರಡುವ ದಿನ ತಿಳಿಸಿರೆಂದು ಹೇಳಿದ್ದೆವು. ಕುರುಬ ಫೋನ್ ಮಾಡಿದ. ಬಿತ್ತನೆಗೆಂದು ಆ ಹೊಲಕ್ಕೆ ಕುಂಟೆ ಹೊಡೆದು ಹರಗಿದರೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ ಹಟ್ಟಿಯ ನಡುಭಾಗ ಬಟಾಬಯಲು. ಹಿಕ್ಕೆಯನ್ನೆಲ್ಲ ಬದುವಿನತ್ತ ಎಳೆದು, ನೆಲ ಗುಡಿಸಿ, ಕಂಬಳಿ ಹಾಸಿಟ್ಟಿದ್ದರು. ಕುರುಬನ ಹೆಂಡತಿ ಕಸಬರಿಗೆ ಹಿಡಿದುಕೊಂಡೇ ಎದುರು ಬಂದಳು.

“ಕಲಿಸೋ ಅಕ್ಕೋರು ಹಿಕ್ಕ್ಯಾಗ ಕುಂಡ್ರೂದು ನೋಡಿ ಜೀವಕ್ಕ ಹೆಂಗೋ ಆಗಿತ್ರಿ. ಇವತ್ತರ ಚಂದಾಗಿ ಕುಂಡ್ರಲಿ ಅಂತ ನಸುಕಿನ್ಯಾಗ ಎದ್ದು ಕಸಾ ಹೊಡದೀನಿ.”

“ಹಿಕ್ಕಿ ಎಲ್ಲಾ ಎಲ್ಲಿ?” ಎಂದಳು ಇವಳು. ದನಿ ಸಣ್ಣಗಾಗಿತ್ತು.

“ಅಲ್ಲೇ ಐತಲ್ಲ ಬದುವಿನ ಕಡೆ. ಹೊಲದವರ ಗೊಬ್ಬರ ಹೊಲದಾಗ ಐತಿ, ನಾವೇನ್ ಹೊತಗೊಂಡ್ ಹೋಗ್ತೀವೇನ?”

ಬೈಯುವಂತಿರಲಿಲ್ಲ. ನಾವು ಬರುತ್ತೇವೆಂದು ಮಾಡಿದ ಉಪಚಾರ. ನಾನು ಬದುವಿನ ರಾಶಿಯತ್ತ ಬಕೆಟ್ ಒಯ್ದೆ. ಎಳೆದಾಟಕ್ಕೆ ಜೀರುಂಡೆಗಳು ಹಾರಿಹೋಗಿದ್ದವು. ತಿರುಗಿ ಬಂದಾಗ ಇವಳು ಚಹಾದ ಲೋಟ ಹಿಡಿದು ಕಂಬಳಿಯ ಅಂಚಿನಲ್ಲಿ ಕುಳಿತು ನೆಲವನ್ನೇ ನೋಡುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡೆ.

“ಮಾಮಾ, ಸಲಿಕಿ ತಗೊಂಡ್ ಬಾ.”

ಗುಡಿಸಿದ ಕಪ್ಪು ನೆಲದಲ್ಲಿ ತೂತುಗಳಿದ್ದವು. ಬಟ್ಟೆಯಲ್ಲಿ ದಬ್ಬಣ ಆಡಿಸಿದಂಥ ದುಂಡನೆಯ ತೂತುಗಳು. ಇಷ್ಟು ದಿನ ಹಿಕ್ಕೆಯ ಹಾಸಿನಡಿ, ನಾವು ಬಾಚಿದಲ್ಲೂ ಉಳಿಯುತ್ತಿದ್ದ ಪುಡಿಯಡಿ, ಮುಚ್ಚಿಹೋಗಿದ್ದವು. ಕೋಡಿನ ಗಂಡು ಹಿಕ್ಕೆಯಲ್ಲಿ ಅಡ್ಡಾಡುವುದು ಕಡಿಮೆ. ಹೆಣ್ಣು ತೋಡಿದ ಸುರಂಗದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಕೋಡಿಲ್ಲದ್ದು ಕಳ್ಳದಾರಿ ಹುಡುಕುತ್ತ ಮೇಲೆ ಸುತ್ತುತ್ತದೆ. ನಮ್ಮ ಬಕೆಟ್ಟಿನಲ್ಲಿ ತೇಲುತ್ತಿದ್ದದ್ದು ಅದೇ. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ಎಲ್ಲಿ ಅಗೆಯಬೇಕೆಂದು ಕಾಣುತ್ತಿರಲಿಲ್ಲ.

ತೂತಿಗೆ ಹುಲ್ಲುಕಡ್ಡಿ ಇಳಿಸಿ, ಅದರ ಜಾಡು ಹಿಡಿದು ಮಣ್ಣನ್ನು ಹೋಳುಹೋಳಾಗಿ ಸೀಳಿದೆವು. ಮೊದಲಿನ ಕೆಲವು ಬರಿದಾಗಿದ್ದವು. ಮುಂದಿನದರಲ್ಲಿ ಕಡ್ಡಿಯ ತುದಿಯನ್ನು ಏನೋ ತಳ್ಳಿತು. ಅವಳು ಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿಟ್ಟು ಒಡೆದಳು. ಹಳದಿ ಚುಕ್ಕೆಯ ಕಪ್ಪು ಜೀರುಂಡೆ. ತಲೆಯ ಮೇಲೆ ಕೋಡು.

ಹಳೆಯ ಜಾತಿಯ ಗಂಡಿಗೆ ಹಿಂದಕ್ಕೆ ಬಾಗಿದ ಎರಡು ಕೋಡುಗಳು. ಇದಕ್ಕೆ ಒಂದೇ, ಅಗಲ, ತುದಿಯಲ್ಲಿ ಸೀಳು. ಈ ಬಾರಿ ಯಾರೂ ಹೇಳಿಕೊಡದೆ ನನಗೂ ಕಂಡಿತು.

“ಹೊಸಾದ?” ಎಂದು ಕೇಳಿದೆ.

“ಇನ್ನೂ ಗೊತ್ತಿಲ್ಲ,” ಎಂದಳು. ಮತ್ತೆ ಮುಂದಿನ ತೂತಿಗೆ ಕಡ್ಡಿ ಇಳಿಸಿದಳು.

ಆ ‘ಗೊತ್ತಿಲ್ಲ’ ಮನೆಗೆ ಬಂದ ಮೇಲೂ ಬಹಳ ಕಾಲ ನಡೆಯಿತು. ಜಾತಿಯಿಂದ ಜಾತಿಗೆ ಆಕಾರ ಬದಲಾಗುವ ಗಂಡುಗಳ ಜನನಾಂಗ ಬಿಡಿಸಿ, ಹಳೆಯ ಜಾತಿಯದರ ಪಕ್ಕದಲ್ಲಿಟ್ಟು ಚಿತ್ರ ಬರೆದಳು. ದೂರದ ಸಂಗ್ರಹಾಲಯಗಳಲ್ಲಿರುವ ಮಾದರಿಗಳ ಚಿತ್ರ ತರಿಸಿಕೊಂಡು ಒಂದೊಂದನ್ನೇ ತಳ್ಳಿಹಾಕಿದಳು. ಕೋಡಿಲ್ಲದ ಗಂಡುಗಳೂ ಈ ಕೋಡಿನ ಗಂಡುಗಳೂ ಒಂದೇ ಎಂಬುದು ಖಚಿತವಾದ ಮೇಲೆಯೇ ಬರೆಯಲು ಕುಳಿತಳು. ಪರಿಶೀಲನೆಗೆ ಹೋದದ್ದು ಈ ಸಲವೂ ಪ್ರಶ್ನೆಗಳೊಂದಿಗೆ ಬಂತು. ಉತ್ತರಿಸಿದಳು. ಒಪ್ಪಿಕೊಂಡರು. ಹುಳಕ್ಕೆ ತನ್ನದೇ ಹೆಸರಾಯಿತು.

ಮುಂದಿನ ಮಳೆಗಾಲದಲ್ಲಿ, ಅದು ಕಲ್ಲುನೆಲದಲ್ಲೂ ಇದೆಯೇ ಎಂದು ನೋಡಲು ಬಾದಾಮಿಯ ಆಚೆ ಅದೇ ಹಿಂಡನ್ನು ಹುಡುಕಿಕೊಂಡು ಹೋದೆವು. ಕಲ್ಲುಗಳ ನಡುವಿನ ಕೆಂಪು ಮರಳುನೆಲದ ತುಂಬ ಹಿಕ್ಕೆ ಹಾಗೇ ಬಿದ್ದಿತ್ತು. ಕುರುಬನ ಹೆಂಡತಿ ದೂರದಿಂದಲೇ ಕೂಗಿದಳು:

“ಈ ಸಲ ಒಂದ್ ಹಿಕ್ಕಿ ಮುಟ್ಟಿಲ್ಲ ನೋಡ್ ತಂಗಿ! ಹೋದ ಸಲ ನಿನ್ನ ಮಾರಿ ನೋಡೀನಲ್ಲ, ಎಲ್ಲಾ ತಿಳದೈತಿ ನನಗ.”

“ಯಕ್ಕಾ, ಮೊದಲ ನಿನ್ನ ಕಸಬರಿಗಿ ಎಲ್ಲೈತಿ ಹೇಳು,” ಎಂದಳು ಇವಳು. ಚಪ್ಪಲಿ ಬದಿಗೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಹಟ್ಟಿಯ ಒಂದು ಮೂಲೆಯಿಂದ ತಾನೇ ಗುಡಿಸಲು ಶುರುಮಾಡಿದಳು.