ಇಸಳೂರಿನಲ್ಲಿ ನಮ್ಮ ಹೆಸರಿನ ವೇಷ

ಶಿರಸಿಗೆ ಬಂದ ಹೊಸತು. ಒಂದು ಸಂಜೆ ಅಂಗಡಿಯಿಂದ ಹಾಲು ತರುತ್ತಿದ್ದೆ. ಶಿರಸಿಯ ಪಕ್ಕದ ಇಸಳೂರಿನ ನಮ್ಮ ಬೀದಿಯಲ್ಲಿ ಹೆಂಗಸರು ಮಕ್ಕಳ ರಟ್ಟೆ ಹಿಡಿದು ಒಳಗೆಳೆದುಕೊಳ್ಳುತ್ತಿದ್ದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. "ಬೇಡ ಬಂದ, ಬೇಡ ಬಂದ" ಎಂದು ಕೂಗುತ್ತ ಹುಡುಗರ ಗುಂಪೊಂದು ಓಡಿ ಬಂದು ನನ್ನನ್ನು ದಾಟಿ ಹೋಯಿತು. ನಾನು ನಿಂತುಬಿಟ್ಟೆ. ನಾನು ಚಳ್ಳಕೆರೆ ಕಡೆಯ ಬೇಡರವನು. ಇಷ್ಟು ಬೇಗ ಈ ಊರಿಗೆ ನನ್ನ ಜಾತಿ ಯಾರು ಹೇಳಿದರು, ಹೇಳಿದರೂ ಇವರು ಇಷ್ಟು ಹೆದರುವುದೇಕೆ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ತಮಟೆ ಕೇಳಿತು. ಅದರ ಹಿಂದೆ ಅವನು ಬಂದ. ಕೆಂಪು ಬಳಿದ ಮುಖ, ಕೆನ್ನೆ ತುಂಬ ಮೀಸೆ, ಬೆನ್ನಿಗೆ ನವಿಲುಗರಿಯ ಕಟ್ಟು, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಬಿಗಿದ ಹಗ್ಗವನ್ನು ಹಿಂದೆ ಇಬ್ಬರು ಹಿಡಿದಿದ್ದರು. ಅವನು ಜನರ ಮೇಲೆ ನುಗ್ಗುತ್ತಿದ್ದ, ಅವರು ಜಗ್ಗುತ್ತಿದ್ದರು. ಇದನ್ನು ಇಲ್ಲಿ ಬೇಡರ ವೇಷ ಎನ್ನುತ್ತಾರೆ. ವರ್ಷ ಬಿಟ್ಟು ವರ್ಷ ಹೋಳಿ ಹುಣ್ಣಿಮೆಯ ಮುಂಚೆ ಕುಣಿಯುತ್ತಾರೆ. ಊರು ಕಾಯಲು ಇಟ್ಟುಕೊಂಡಿದ್ದ ಒಬ್ಬ ಬೇಡ ಸೊಕ್ಕೇರಿ ಹೆಂಗಸರನ್ನು ಕಾಡಿದನಂತೆ. ಊರಿಗಾಗಿ ಅವನನ್ನು ಮದುವೆಯಾದ ಹೆಣ್ಣುಮಗಳು ಅವನ ಕಣ್ಣು ತೆಗೆದಳಂತೆ. ಆಮೇಲೆ ಊರವರು ಅವನನ್ನು ಸುಟ್ಟರಂತೆ. ಕುಣಿತ ಆ ಕಥೆಯದು. ಕುಣಿತ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎದೆ ನಡುಗಿಸುವಷ್ಟು ಚೆನ್ನಾಗಿತ್ತು.

ನಮ್ಮ ಕಡೆ ಆ ಪದವನ್ನು ನಾನು ಎರಡು ರೀತಿ ಕೇಳಿದ್ದೆ. ದೇವರ ಎತ್ತುಗಳನ್ನು ಕೂಡುವ ರೊಪ್ಪದ ಮುಂದೆ ಕೂತ ಹಿರಿಯರು ಮೀಸೆ ತಿರುವಿ ಹೇಳಿಕೊಳ್ಳುವುದು ಒಂದು. ಜಗಳದಲ್ಲಿ ಬೇರೆಯವರ ಬಾಯಿಂದ ಬರುವುದು ಇನ್ನೊಂದು. ಹಾಗೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಹೊರಗಿನವರಿಗೆ ನಾವು ನಾಯಕರು ಎನ್ನುತ್ತೇವೆ. ಮಕ್ಕಳನ್ನು ಹೆದರಿಸಿ ಖುಷಿಪಡಲು ಆ ಪದ ಬಳಸುವುದನ್ನು ಇಲ್ಲೇ ಮೊದಲು ಕೇಳಿದ್ದು.

ನನ್ನದು ಸೆಂಟ್ರಿಂಗ್ ಕೆಲಸ. ತಾರಸಿಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನಿಂದ ಶೀಟು, ಕಂಬ ಕೊಟ್ಟು ಹಿಡಿಯುವುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ನಾನು ಹಿಡಿದ ಒಂದು ತಾರಸಿಯೂ ಇಂದಿನವರೆಗೆ ಬಾಗಿ ಹೊಟ್ಟೆಬಿಟ್ಟಿಲ್ಲ. ಇಸಳೂರಿನಲ್ಲಿ ಹೊಸ ಮನೆಗಳು ಏಳುತ್ತಿವೆ ಎಂದು ಕೇಳಿ ಹೆಂಡತಿ ತಿಪ್ಪಮ್ಮ, ಮಗಳು ಚೈತ್ರಳನ್ನು ಕರೆದುಕೊಂಡು ಬಂದೆ. ನಮ್ಮಲ್ಲಿ ಹೊಸ ತಾರಸಿಗೆ ನೀರು ಹನಿಸಲು ಟ್ಯಾಂಕರ್‌ಗೆ ಕಾಯಬೇಕು. ಇಲ್ಲಿ ಜೂನ್ ಬಂದರೆ ಆಕಾಶವೇ ಹನಿಸುತ್ತದೆ, ಆದರೆ ಕೆಲಸವೂ ನಿಲ್ಲುತ್ತದೆ. ಯಾರ ಮನೆಗೆ ಹೋದರೂ ಮೊದಲು "ಆಸರಿಗೆ ಎಂತ ಕೊಡ್ಲಿ" ಎಂದು ಕೇಳುತ್ತಾರೆ. ಬಾಯಾರಿಕೆಗೆ ಏನು ಬೇಕು ಎಂದು ಅರ್ಥ. ಬೆಲ್ಲ, ನೀರು, ಮಜ್ಜಿಗೆ, ಏನಾದರೂ ಒಂದು ಮುಂದಿಡುತ್ತಾರೆ. ನೀರಿಗಾಗಿ ನಲ್ಲಿಯ ಮುಂದೆ ತಲೆ ಒಡೆದುಕೊಳ್ಳುವ ಊರಿನಿಂದ ಬಂದ ನಾನು ಮೊದಮೊದಲು ಕೊಟ್ಟ ಲೋಟದಲ್ಲಿ ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ಮುದ್ದೆಯನ್ನು ಕಂಡು ನಗುತ್ತಿದ್ದವರು ಈಗ ಭಾನುವಾರ ನಮ್ಮ ಮನೆಗೇ ಬಂದು ನುಂಗಲು ಕಲಿತಿದ್ದಾರೆ. ನನ್ನನ್ನು ದುರ್ಗದ ಮೇಸ್ತ್ರಿ ಎಂದು ಕರೆಯುತ್ತಾರೆ. ಆ ಹೆಸರು ನನ್ನ ದುಡಿಮೆಯದು. ಜಾತಿ ಕೇಳಿದವರಿಗೆ ಮುಚ್ಚಿಡದೆ ಹೇಳಿದ್ದೇನೆ. ಅದಕ್ಕೂ ವೇಷಕ್ಕೂ ಸಂಬಂಧವಿದೆ ಎಂದು ಅವರಾರಿಗೂ ಹೊಳೆದಿರಲಿಲ್ಲ.

ಮುಂದಿನ ವೇಷದ ವರ್ಷ ಮಂಜಣ್ಣ ಮನೆಗೆ ಬಂದರು. ಹಗಲು ಪೇಂಟಿಂಗ್ ಮಾಡುವ ಇವರೇ ನಮ್ಮ ಬೀದಿಯ ತಂಡದಲ್ಲಿ ವೇಷ ಕಟ್ಟಿ ಕುಣಿಯುವವರು. ಹಗ್ಗ ಹಿಡಿಯಲು ಗಟ್ಟಿ ಆಳು ಬೇಕಿತ್ತು. ಹೊರಗಿನವರಿಗೆ ಹಗ್ಗ ಕೊಡುವುದಿಲ್ಲ ಎಂದು ಕೇಳಿದ್ದೆ. ಹಾಗಾಗಿ ನನಗೆ ಹೆಮ್ಮೆಯಾಯಿತು, ಒಪ್ಪಿದೆ. ಇನ್ನೊಂದು ಹಗ್ಗ ಟೆಂಪೋ ಓಡಿಸುವ ಇಸ್ಮಾಯಿಲ್ ಭಾಯಿಯದು. ಹಗ್ಗದ ಕೆಲಸ ಬರೀ ತಾಕತ್ತಿನದಲ್ಲ. ಕುಣಿಯುವವನು ನಮ್ಮನ್ನು ನಂಬಿ ಮೈಯನ್ನೆಲ್ಲ ಮುಂದಕ್ಕೆ ಎಸೆಯುತ್ತಾನೆ. ಸಡಿಲ ಬಿಡಬೇಕು, ಕತ್ತಿ ಜನರನ್ನು ಮುಟ್ಟುವ ಮೊದಲು ಹಿಡಿಯಬೇಕು. "ನಾವಿಬ್ರೂ ಕೈ ಬಿಟ್ರೆ ಶಿರಸಿ ಖಾಲಿ ನೋಡಿ" ಎಂದು ಇಸ್ಮಾಯಿಲ್ ಭಾಯಿ ನಗುತ್ತಿದ್ದರು.

ಅಭ್ಯಾಸ ಶುರುವಾಯಿತು. ಖಾಲಿ ಸೈಟಿನಲ್ಲಿ ತಮಟೆ ಬಡಿಯುತ್ತಿದ್ದರು, ನಮ್ಮ ಗೋಡೆಯ ಮೇಲಿನ ಪಾತ್ರೆಗಳು ಸಣ್ಣಗೆ ಅದುರುತ್ತಿದ್ದವು. ಒಂದು ದಿನ ತಂಡದ ಹುಡುಗನೊಬ್ಬ, ಈ ಸಲ ಹಗ್ಗದ ಒಂದು ತುದಿಯಲ್ಲಿ ವೇಷದ ಬೇಡ, ಇನ್ನೊಂದು ತುದಿಯಲ್ಲಿ ಅಸಲಿ ಬೇಡ ಎಂದ. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ ಅದು. ನಾನೂ ಸ್ವಲ್ಪ ನಕ್ಕೆ.

ಆ ಮಾತು ನನಗಿಂತ ಮೊದಲೇ ಬೀದಿ ಸೇರಿತ್ತು. ಎರಡು ದಿನ ಬಿಟ್ಟು ಕೆಲಸದಿಂದ ಬರುವಾಗ ಮಕ್ಕಳು ಕಿರುಚುತ್ತ ಓಡುತ್ತಿದ್ದರು. ಹಿಂದೆ ಚೈತ್ರ. ಏಳನೇ ಕ್ಲಾಸಿನ ಹುಡುಗಿ, ಮಸಿಯಲ್ಲಿ ಮೀಸೆ ಬರೆದುಕೊಂಡು, ಕಣ್ಣು ದೊಡ್ಡದು ಮಾಡಿ ಆರ್ಭಟಿಸುತ್ತಿದ್ದಳು. ನನ್ನನ್ನು ಕಂಡು ನಿಂತು, ಏದುಸಿರು ಬಿಡುತ್ತ ಹೇಳಿದಳು, "ಅಪ್ಪಾ, ನಾನು ಸುಮ್ನೆ ನೋಡಿದ್ರೂ ಓಡ್ತಾರೆ. ಶಾಲೇಲೂ ಓಡ್ತಾರೆ." ಅವಳ ಮುಖದಲ್ಲಿ ಸಂತೋಷವಿತ್ತು. ಅದೇ ನನಗೆ ಸರಿಕಾಣಲಿಲ್ಲ.

ಆದರೂ ಮನೆಯಲ್ಲಿ ತಿಪ್ಪಮ್ಮನಿಗೆ, ಮಕ್ಕಳ ಆಟ, ಹೋಗಲಿ ಬಿಡು ಎಂದೆ. ಅವಳು ಚೈತ್ರಳ ಮೀಸೆ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಆಟ ಆಗಿದ್ರೆ ಒಂದೊಂದು ದಿನ ಒಬ್ಬೊಬ್ರು ಬ್ಯಾಡ ಆಗ್ಬೇಕಿತ್ತು. ದಿನಾ ಇವಳೇ ಯಾಕೆ?"

ಮಂಜಣ್ಣನ ಹತ್ತಿರ ಹೋಗಬೇಕೆಂದುಕೊಂಡೆ. ಇಸ್ಮಾಯಿಲ್ ಭಾಯಿಗೆ ಹೇಳಿದಾಗ ಅವರು ಟೆಂಪೋದ ಗಾಜು ಒರೆಸಿ ಮುಗಿಸಿದರು. ಆಮೇಲೆ, "ಕೇಳೂದ್ರಲ್ಲಿ ತಪ್ಪಿಲ್ಲ. ಒಬ್ರೇ ಹೋಗ್ಬೇಡಿ, ನಾ ಬರ್ತೆ" ಎಂದರು.

ಮಂಜಣ್ಣ ನವಿಲುಗರಿ ಬಿಸಿಲಿಗೆ ಹರಡಿದ್ದರು. ಬೆಲ್ಲ ನೀರು ಕೊಟ್ಟು ಕೂರಿಸಿದರು. ನಾನು ಕೇಳಿದ್ದು ದೊಡ್ಡದೇನಲ್ಲ. ಕುಣಿತ ಬಿಡಿ ಎನ್ನಲಿಲ್ಲ. ಕಥೆಯಲ್ಲಿ ಆ ಮನುಷ್ಯನಿಗೆ ಒಂದು ಹೆಸರಿದೆ, ಮೈಕಿನಲ್ಲಿ ಆ ಹೆಸರು ಹೇಳಿ, ಅವನ ಜಾತಿ ಕೂಗುವುದು ಬೇಡ ಎಂದೆ. ತಪ್ಪು ಮಾಡಿದವನು ಒಬ್ಬ. ಕೂಗಿಸಿಕೊಳ್ಳುವವಳು ನನ್ನ ಮಗಳು.

ಅವರಿಗೆ ನೋವಾಯಿತು. "ಎಂತ ಮೇಸ್ತ್ರಿ, ನಾ ಉಪವಾಸ ಇದ್ದು, ಕೈ ಮುಗ್ದು ಕಟ್ಟೂ ವೇಷ ಇದು. ನಿಮ್ಗೆ ಬೈಯೂಕೆ ಕಟ್ಟದ್ದಲ್ಲ ಮಾರಾಯ. ಅಜ್ಜನ ಕಾಲದಿಂದ ಬಂದ ಹೆಸ್ರು."

"ಬೈಗುಳ ಅಂತ ನಾನೂ ಅಂದಿಲ್ಲ ಮಂಜಣ್ಣ. ಅದನ್ನು ಹೊತ್ಕೊಂಡು ಶಾಲೆಗೆ ಹೋಗೋದು ನಿಮ್ಮ ಮನೆ ಮಗು ಅಲ್ಲ, ಅಷ್ಟೇ."

ಅವರು ಗರಿಗಳನ್ನು ತಿರುವಿ ಹಾಕಿದರು. ಒಳಗಿನಿಂದ ಅವರ ತಾಯಿ ಇಣುಕಿ ನೋಡಿ ಹಿಂದೆ ಸರಿದರು. ಕೊನೆಗೆ, "ಮೈಕಲ್ಲಿ ನಾ ಹೇಳಿಸ್ತೆ. ಜನರ ಬಾಯಿ ನಂಗೆ ಗೊತ್ತಿಲ್ಲೆ" ಎಂದರು.

ಸುದ್ದಿ ಹಬ್ಬಿತು. ಕೆಲಸ ಕೊಡುವುದನ್ನು ಯಾರೂ ನಿಲ್ಲಿಸಲಿಲ್ಲ, ಮಾತೂ ಬಿಡಲಿಲ್ಲ. ಆದರೆ ನಾನು ಹೋದಲ್ಲಿ ಮಾತು ಬದಲಾಗುತ್ತಿತ್ತು. ಭಾನುವಾರ ಮುದ್ದೆಗೆ ಬರುವವರಿಗೆ ಏನೇನೋ ಬೇರೆ ಕೆಲಸ ಬಂತು. ಅಂಗಡಿಯವರು ನನಗೆ ಅಲ್ಲಿಯವರೆಗೆ ಹೇಳದ 'ನಾಯಕರೇ' ಎಂಬ ಗೌರವ ಕೊಟ್ಟು ಹಾಲು ಕೊಟ್ಟರು. ನಾನು ಚಿಲ್ಲರೆ ಎಣಿಸದೆ ಬೇಗ ಹೊರಬಿದ್ದೆ.

ವೇಷದ ದಿನ ಇಸಳೂರಿನ ಕ್ರಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗ್ಗ ನನ್ನ, ಇಸ್ಮಾಯಿಲ್ ಭಾಯಿಯ ಕೈಯಲ್ಲೇ ಇತ್ತು. ಮಂಜಣ್ಣ ಮಾತು ಉಳಿಸಿಕೊಂಡರು. ಮೈಕಿನಲ್ಲಿ ಆ ಮನುಷ್ಯನ ಹೆಸರೇ ಬಂತು. ಆಮೇಲೆ ಹಿಂದಿನಿಂದ ಯಾರೋ ಹಳೆಯ ಪದ ಕೂಗಿದರು. ಇನ್ನೊಬ್ಬರು ಕೂಗಿದರು. ತಮಟೆಯ ಪೆಟ್ಟಿಗೆ ಸರಿಯಾಗಿ ಇಡೀ ಕ್ರಾಸು ಅದನ್ನೇ ಕೂಗತೊಡಗಿತು. ಹಿಂದಿನ ಸಲ ಅವರು ಕೂಗಿದ್ದು ಕುಣಿತಕ್ಕೆ. ಈ ಸಲ ಕೂಗುವವರಲ್ಲಿ ಕೆಲವರು ನನ್ನನ್ನು ನೋಡುತ್ತಿದ್ದರು.

ಮಂಜಣ್ಣ ಮೈಮರೆತು ನುಗ್ಗಿದರು. ಮುಂದಿದ್ದ ಮಕ್ಕಳು ಚದುರಿದರು. ಒಬ್ಬಳು ಚದುರಲಿಲ್ಲ. ಚೈತ್ರ. ಕತ್ತಿ ಎತ್ತಿದ ವೇಷ ಅವಳ ಮೇಲೆ ಬರುತ್ತಿತ್ತು. ನಾನು ಹಿಮ್ಮಡಿ ಊರಿ ಜಗ್ಗಿದೆ, ಇಸ್ಮಾಯಿಲ್ ಭಾಯಿಯೂ ಜಗ್ಗಿದರು. ಅಂಗೈ ಸುಟ್ಟಿತು. ಕತ್ತಿ ಅವಳಿಗಿಂತ ಮೊಳ ದೂರದಲ್ಲಿ ನಿಂತಿತು.

"ಓಡು ಕೂಸೆ" ಎಂದು ಒಬ್ಬ ಹೆಂಗಸು ಕೂಗಿದಳು.

"ಅದೆಂತಕ್ಕೆ ಓಡ್ತದೆ? ಅವ್ರ ಮನೇದೇ ಅಲ್ದಾ ಇದು" ಎಂದ ಒಬ್ಬ.

ಜನ ನಕ್ಕರು. ಚೈತ್ರ ವೇಷವನ್ನು ನೋಡುತ್ತಲೇ ಇರಲಿಲ್ಲ. ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆ ಮಾತು ಮಂಜಣ್ಣನಿಗೂ ಕೇಳಿತ್ತು. ತಮಟೆ ನಡೆಯುತ್ತಿರುವಾಗಲೇ ಅವರು ಕುಣಿತ ನಿಲ್ಲಿಸಿ ಕತ್ತಿ ಕೆಳಗಿಳಿಸಿದರು. ಹಾಗೆ ಆದದ್ದನ್ನು ಅಲ್ಲಿನ ಹಿರಿಯರೂ ಕಂಡಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ಕಿವಿಯ ಹಿಂದೆ ಕೆಂಪು ಬಣ್ಣ ಉಳಿದಿದ್ದ ಹಾಗೇ ಅವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಹೆಸರು ಬದಲಿಸಿದ್ದಕ್ಕೆ ತಂಡದವರು ಬೈದಿದ್ದರು, ಕುಣಿತ ನಿಲ್ಲಿಸಿದ್ದಕ್ಕೆ ಊರು ಬೈದಿತ್ತು. "ಮುಂದಿನ ಸಲ ಹಗ್ಗ ನೀವೇ ಹಿಡೀಬೇಕು ಮೇಸ್ತ್ರಿ. ಬೇರೆಯವ್ರ ಮೇಲೆ ನಂಗೆ ಧೈರ್ಯ ಇಲ್ಲೆ" ಎಂದರು.

ಆ ದಿನದಿಂದ ಚೈತ್ರ ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಆರ್ಭಟ ನಿಂತದ್ದಕ್ಕೆ ತಿಪ್ಪಮ್ಮ ದೇವರಿಗೆ ಕೈ ಮುಗಿದಳು. ನನಗೆ ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು.

ಮಳೆಗೆ ಕೆಲಸ ನಿಂತಾಗ ಚಳ್ಳಕೆರೆ ಕಡೆಯ ನಮ್ಮ ಊರಿಗೆ ಬಂದೆವು. ನನ್ನ ಚಿಕ್ಕಪ್ಪ ರೊಪ್ಪದ ಬಳಿ ಕೂತಿದ್ದರು. ಕಣ್ಣು ಮಂಜು. ಮೊಮ್ಮಗಳನ್ನು ಕಂಡು ಎರಡೂ ಕೈ ಚಾಚಿ, ಬಾಯ್ತುಂಬ ನಗುತ್ತ ಕರೆದರು.

"ಬಾರವ್ವ, ನಮ್ಮ ಬ್ಯಾಡರ ಕೂಸೆ."

ಚೈತ್ರ ಇದ್ದಲ್ಲೇ ನಿಂತಳು. ಆಮೇಲೆ ಇಸಳೂರಿನ ಮಾತಿನಲ್ಲಿ, ಮೆಲ್ಲಗೆ ಕೇಳಿದಳು.

"ನಾ ಎಂತ ಮಾಡ್ದೆ?"

ಚಿಕ್ಕಪ್ಪನಿಗೆ ಆ ಮಾತು ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಮಗುವಿಗೆ ಅಲ್ಲಿ ಯಾರು ಏನು ಮಾಡಿದರು, ಅವನ ಹೆಸರು ಹೇಳು ಎಂದರು. ನಾನು ಹೆಸರಿಗಾಗಿ ಹುಡುಕಿದೆ. ಬೆಲ್ಲ ನೀರು ಕೊಟ್ಟವರು, ಬೆಳಿಗ್ಗೆ ಬಾಗಿಲಿಗೆ ಬಂದವರು, ನನ್ನ ಜೊತೆ ಹಗ್ಗ ಜಗ್ಗಿದವರು. ಹೇಳಲು ಒಂದು ಹೆಸರೂ ಬಾಯಿಗೆ ಬರಲಿಲ್ಲ.